ಪರದೆ ಸರಿಸಿದ ಒಂದು ಚೀಟಿ

ರಾತ್ರಿ ಒಂಬತ್ತಕ್ಕೆ ನೀವು ಟೀವಿ ಹಾಕ್ತೀರಿ. ನನ್ನ ಮುಖ ಕಾಣೋ ಮೊದಲೇ ಅಕ್ಷರಗಳು ಹಾರಿ ಬರ್ತವೆ, ಭೂಗೋಳ ಗಿರಗಿರ ತಿರುಗುತ್ತೆ. ಅದನ್ನು ಮಾಡಿದ್ದು ಯಾರು ಅಂತ ಯಾವತ್ತಾದ್ರೂ ಕೇಳಿದ್ದೀರಾ?

ಈ ಕಸುಬಿಗೆ ಮರ್ಯಾದೆ ತಂದ ವರ್ಷ 1955. ಆಗ ಅಮೆರಿಕದ ಎಷ್ಟೋ ಚಿತ್ರಮಂದಿರಗಳಲ್ಲಿ ಹೆಸರುಗಳು ಮುಗಿದ ಮೇಲಷ್ಟೇ ಪರದೆ ಸರಿಸುತ್ತಿದ್ದರು. ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್’ ಚಿತ್ರದ ರೀಲುಗಳ ಜೊತೆ ಒಂದು ಚೀಟಿ ಬಂತು: ಹೆಸರು ಬರುವ ಮೊದಲೇ ಪರದೆ ಸರಿಸಿ!

ಕಪ್ಪು ಹಿನ್ನೆಲೆ, ಓಡಾಡುವ ಬಿಳಿ ಪಟ್ಟಿಗಳು, ಕೊನೆಗೆ ಸೊಟ್ಟಗಾದ ಒಂದು ಕೈ. ವ್ಯಸನಿಯ ಕಥೆ ಅಲ್ಲೇ ಶುರುವಾಗಿತ್ತು. ಮಾಡಿದವರು ಸಾಲ್ ಬಾಸ್. ಯಾರ ಸಂಬಳದಾಳೂ ಅಲ್ಲ. ಪ್ರೆಮಿಂಜರ್‌ಗೂ ಮಾಡಿದರು, ಹಿಚ್‌ಕಾಕ್‌ಗೂ ಮಾಡಿದರು.

1958ರ ‘ವರ್ಟಿಗೊ’ದಲ್ಲಿ ಸುತ್ತುವ ಸುರುಳಿಗಳನ್ನು ಬಾಸ್‌ಗೆ ಮಾಡಿಕೊಟ್ಟವರು ಜಾನ್ ವಿಟ್ನಿ. ಯುದ್ಧಕಾಲದಲ್ಲಿ ವಿಮಾನಕ್ಕೆ ಗುರಿ ಹಿಡಿಯುತ್ತಿದ್ದ ಯಂತ್ರವನ್ನು ಅವರು ಚಿತ್ರ ಬಿಡಿಸೋಕೆ ಪಳಗಿಸಿದ್ದರು. 1960ರಲ್ಲಿ ಸ್ವಂತ ಕಂಪನಿ ಕಟ್ಟಿ ‘ಮೋಷನ್ ಗ್ರಾಫಿಕ್ಸ್’ ಅಂತಲೇ ಹೆಸರಿಟ್ಟರು.

1993ರಲ್ಲಿ ‘ಆಫ್ಟರ್ ಎಫೆಕ್ಟ್ಸ್’ ಸಾಫ್ಟ್‌ವೇರ್ ಬಂತು. ಆ ದೊಡ್ಡ ಯಂತ್ರದ ಕೆಲಸ ಮೆಲ್ಲಗೆ ಮನೆಯ ಕಂಪ್ಯೂಟರಿಗೆ ಇಳಿಯಿತು. ಇವತ್ತು ಬಾಡಿಗೆ ರೂಮಿನಲ್ಲಿ ಕೂತು ಒಬ್ಬರೇ ಅದನ್ನು ಮಾಡ್ತಾರೆ. ‘ಸ್ವಲ್ಪ ಚೇಂಜ್ ಮಾಡಿ’ ಅನ್ನೋ ಫೋನು ಏಳು ಸಲ ಬರುತ್ತೆ. ದುಡ್ಡು ಬರೋದು ಮಾತ್ರ ತಿಂಗಳುಗಟ್ಟಲೆ ತಡ. ಹೆಸರಂತೂ ಬರೋದೇ ಇಲ್ಲ.

ಬಾಸ್ ದೊಡ್ಡ ಪ್ರತಿಭೆ, ನಿಜ. ಆದರೆ ಪರದೆ ಸರಿಸಿ ಅಂತ ಚೀಟಿ ಬರೆಯೋರೂ ಇದ್ದರು. ನಾವು ಟೀವಿಯವರು ಅಂಥದ್ದೊಂದು ಚೀಟಿ ಯಾವಾಗ ಬರೀತೀವಿ?