ಗಡಿಯಾರ ಹಿಡಿದು ನಿಂತವರು

ನಮ್ಮ ಗೋಕಾಕ, ಹುಕ್ಕೇರಿ ಸೀಮೆಯಲ್ಲಿ ಕುಸ್ತಿ ಕಲಿಸುವವನಿಗೆ ಒಂದು ಗೌರವದ ಹೆಸರುಂಟು, ಅವನು ‘ವಸ್ತಾದ’. ಜಾತ್ರೆಯ ಕಣದಲ್ಲಿ ಹೊಸ ಪೈಲವಾನನೊಬ್ಬ ಗೆದ್ದರೆ ಸುತ್ತ ನೆರೆದ ಜನ ಮೊದಲು ಕೇಳುವ ಮಾತು, ‘ಯಾವ ಗರಡಿಯ ಹುಡುಗ? ವಸ್ತಾದ ಯಾರು?’ ಎಂದು. ಆದರೆ ಓಟ ಕಲಿಸುವವನಿಗೆ ನಮ್ಮ ನುಡಿಯಲ್ಲಿ ಅಂಥದೊಂದು ಹೆಸರು ಹುಟ್ಟಲಿಲ್ಲ. ಶಾಲೆಯಲ್ಲಿ ಅವನು ಡ್ರಿಲ್ ಮಾಸ್ತರ ಇಲ್ಲವೆ ಪಿ.ಟಿ. ಮಾಸ್ತರ, ಪತ್ರಿಕೆಯಲ್ಲಿ ತರಬೇತುದಾರ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಇದು ಬರಿಯ ಶಬ್ದದ ಬಡತನವೆಂದು ತೋರುವುದಿಲ್ಲ. ನಾವು ಯಾರನ್ನು ಕಣ್ಣಿಟ್ಟು ನೋಡಲಿಲ್ಲವೋ ಅವರಿಗೆ ಹೆಸರಿಡುವುದನ್ನೂ ಮರೆತೆವು.

ಓಟದ ಚರಿತ್ರೆಯಲ್ಲಿ ನಮ್ಮ ಜಿಲ್ಲೆಗೆ ದೊಡ್ಡ ಪಾಲೇ ಇದೆ. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದಾಗ, ದೊರಾಬ್ಜಿ ಟಾಟಾ ಅವರ ಪ್ರಯತ್ನದಿಂದ ಹಿಂದುಸ್ಥಾನದ ಪುಟ್ಟ ತಂಡವೊಂದು ಹಡಗು ಹತ್ತಿತು. ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ಬರಿಗಾಲಿನಲ್ಲಿ ಓಡುತ್ತಿದ್ದ ರೈತರ ಮಕ್ಕಳನ್ನು ಕಂಡು ಟಾಟಾ ಅವರಿಗೆ ಈ ಹುಮ್ಮಸ್ಸು ಮೂಡಿತ್ತು. ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಅಂದಿನ ಮ್ಯಾರಥಾನ್ 42.75 ಕಿಲೋಮೀಟರು, ಒಲಿಂಪಿಕ್ ಚರಿತ್ರೆಯಲ್ಲೇ ಅತಿ ಉದ್ದದ್ದು. ಚೌಗುಲೆಯವರು ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ 19ನೆಯವರಾದರು. ಫಲಿತಾಂಶದ ಪಟ್ಟಿಯಲ್ಲಿ ಓಟಗಾರನ ಹೆಸರಿದೆ, ದೇಶವಿದೆ, ಕಾಲವಿದೆ. ಗುರುವಿನ ಹೆಸರಿಗೆ ಅಲ್ಲಿ ಅಂಕಣವೇ ಇಲ್ಲ. ಇಂದಿನ ಪಟ್ಟಿಗಳಲ್ಲಿಯೂ ಇಲ್ಲ.

ಓಟ ಕಲಿಸುವುದೂ ಒಂದು ವಿದ್ಯೆ, ಅದನ್ನು ಕಲಿತೇ ಕಲಿಸಬೇಕು ಎಂಬ ತಿಳಿವಳಿಕೆ ನಮ್ಮ ದೇಶದಲ್ಲಿ ನೆಲೆಯೂರಲು ಬಹುಕಾಲ ಹಿಡಿಯಿತು. 1961ರಲ್ಲಿ ಪಟಿಯಾಲಾದ ಮೋತಿಬಾಗ್ ಅರಮನೆಯಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತೆರೆಯಿತು. ಮುಂದೆ ಅದಕ್ಕೆ ನೇತಾಜಿಯವರ ಹೆಸರಿಟ್ಟರು. ಅಲ್ಲಿ ಕಲಿತು 1974ರಲ್ಲಿ ಹೊರಬಂದವರಲ್ಲಿ ನಮ್ಮ ಪುರುಷೋತ್ತಮ ರೈ ಒಬ್ಬರು. ರಾಜ್ಯದ ಯುವಜನ ಸೇವಾ ಇಲಾಖೆಯಲ್ಲಿಯೂ ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿಯೂ ದುಡಿದ ಅವರ ಕೈಯಲ್ಲಿ ಪಳಗಿದವರ ಹೆಸರುಗಳನ್ನು ಕೇಳಿ: ವಂದನಾ ರಾವ್, ಅಶ್ವಿನಿ ನಾಚಪ್ಪ, ಮುರಳಿ ಕುಟ್ಟನ್, ಎಂ. ಕೆ. ಆಶಾ, ಇ. ಬಿ. ಶೈಲಾ, ರೋಸಾ ಕುಟ್ಟಿ, ಜಿ. ಜಿ. ಪ್ರಮೀಳಾ.

ಈ ಹೆಸರುಗಳ ಹಿಂದಿನ ಸಾಧನೆ ಅಲ್ಪವಾದುದಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ. ಟಿ. ಉಷಾ ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ ಪದಕ ಕಳೆದುಕೊಂಡದ್ದನ್ನು ನಾವೆಲ್ಲ ನೆನೆಯುತ್ತೇವೆ. ಅದೇ ಕ್ರೀಡಾಕೂಟದಲ್ಲಿ ಭಾರತದ ನಾಲ್ವರು ಹೆಣ್ಣುಮಕ್ಕಳು 4x400 ಮೀಟರ್ ರಿಲೇಯ ಅಂತಿಮ ಸುತ್ತು ತಲುಪಿ 7ನೆಯ ಸ್ಥಾನ ಪಡೆದರೆಂಬುದು ಅನೇಕರಿಗೆ ನೆನಪಿಲ್ಲ. ಆ ನಾಲ್ವರಲ್ಲಿ ವಂದನಾ ರಾವ್ ಒಬ್ಬರು. ಎರಡು ವರ್ಷಗಳ ತರುವಾಯ ಸೋಲ್ ಏಷ್ಯನ್ ಕ್ರೀಡೆಗಳಲ್ಲಿ ಅದೇ ರಿಲೇಯಲ್ಲಿ ಅವರು ಚಿನ್ನದ ತಂಡದವರಾದರು. ಕೊಡಗಿನ ಅಶ್ವಿನಿ ನಾಚಪ್ಪ 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಮುಂದೆ ಗೋಣಿಕೊಪ್ಪದ ಬಳಿ ತಾವೇ ಶಾಲೆ ಕಟ್ಟಿ ಮಕ್ಕಳನ್ನು ಆಟದ ಬಯಲಿಗೆ ಇಳಿಸಿದರು. ಪ್ರಮೀಳಾ ಸಿಡ್ನಿ ಒಲಿಂಪಿಕ್ಸ್‌ವರೆಗೆ ಹೋಗಿ, 2010ರ ಏಷ್ಯನ್ ಕ್ರೀಡೆಗಳಲ್ಲಿ ಏಳು ಸ್ಪರ್ಧೆಗಳ ಹೆಪ್ಟಾಥ್ಲಾನ್‌ನಲ್ಲಿ ಕಂಚು ತಂದರು. 1987ರ ವಿಶ್ವ ಚಾಂಪಿಯನ್‌ಷಿಪ್ಪಿಗೂ 1999ರ ದಕ್ಷಿಣ ಏಷ್ಯಾ ಕ್ರೀಡೆಗಳಿಗೂ ರೈಯವರು ಭಾರತ ತಂಡದ ತರಬೇತುದಾರರಾಗಿದ್ದರು.

ಗುರುಗಳಿಗೆಂದೇ ಸರಕಾರ ದ್ರೋಣಾಚಾರ್ಯ ಪ್ರಶಸ್ತಿಯನ್ನು ಸ್ಥಾಪಿಸಿದ್ದು 1985ರಲ್ಲಿ. ಉಷಾ ಅವರ ಗುರು ಓ. ಎಂ. ನಂಬಿಯಾರರು ಅದನ್ನು ಮೊದಲ ವರ್ಷವೇ ಪಡೆದರು. ರೈಯವರ ಪಾಳಿ ಬಂದದ್ದು ಮೂವತ್ತೈದು ವರ್ಷಗಳ ಮೇಲೆ, 2020ರಲ್ಲಿ, ಜೀವಮಾನದ ಸಾಧನೆಗಾಗಿ. ಅವರಿಗಾಗ 79 ವರ್ಷ. ಕೊರೋನಾ ಕಾಲವಾದ್ದರಿಂದ ರಾಷ್ಟ್ರಪತಿಗಳು ದೆಹಲಿಯಲ್ಲಿಯೂ ಪುರಸ್ಕೃತರು ತಮ್ಮ ತಮ್ಮ ಊರಿನ ಕೇಂದ್ರಗಳಲ್ಲಿಯೂ ಇದ್ದು ದೂರದಿಂದಲೇ ಸಮಾರಂಭ ನಡೆಯಬೇಕಾಗಿತ್ತು. ಆಗಸ್ಟ್ 28ರಂದು ಬೆಂಗಳೂರಿನಲ್ಲಿ ನಡೆದ ಪೂರ್ವಾಭ್ಯಾಸಕ್ಕೆ ರೈಯವರು ಹೋಗಿ ಬಂದರು. ಅಂದೇ ಹೃದಯಾಘಾತದಿಂದ ತೀರಿಕೊಂಡರು. ಮರುದಿನ ರಾಷ್ಟ್ರೀಯ ಕ್ರೀಡಾ ದಿನ. ಪ್ರಶಸ್ತಿ ಬಂತು, ಪಡೆಯುವವರಿರಲಿಲ್ಲ.

ದ್ರೋಣಾಚಾರ್ಯರೆಂದೊಡನೆ ನನ್ನ ತರಗತಿಯ ಮಕ್ಕಳು ಏಕಲವ್ಯನನ್ನು ಮುಂದಿಟ್ಟು ವಾದಕ್ಕೆ ನಿಲ್ಲುತ್ತಾರೆ: ‘ಹೆಬ್ಬೆರಳು ಕೇಳಿದವನು ಗುರುವಾದಾನೆ?’ ನಾನು ಆ ವಾದವನ್ನು ತಡೆಯುವುದಿಲ್ಲ. ಆದರೆ ರೈಯವರ ಸುದ್ದಿ ಓದಿದ ದಿನದಿಂದ ನನಗೆ ಬೇರೊಂದು ಹೆಬ್ಬೆರಳು ಕಣ್ಣಿಗೆ ಕಟ್ಟಿದೆ. ಬೆಳಕು ಹರಿಯುವ ಹೊತ್ತಿಗೆ ಗೆರೆಯ ಪಕ್ಕದಲ್ಲಿ ನಿಂತು ಸ್ಟಾಪ್ ವಾಚಿನ ಗುಂಡಿಯನ್ನು ಸಾವಿರ ಸಲ ಒತ್ತುವ ಗುರುವಿನದೇ ಹೆಬ್ಬೆರಳು ಅದು.

ಅಂಥ ಹೆಬ್ಬೆರಳನ್ನು ನಾನು ಹತ್ತಿರದಿಂದ ನೋಡಿಯೂ ಮರೆತವನು. ಮೂಡಲಗಿಯ ಕಡೆಯ ಪ್ರೌಢಶಾಲೆಯೊಂದರಲ್ಲಿ ನಾನು ಓದಿದೆ. ಆಗ ಮೂಡಲಗಿ ಗೋಕಾಕ ತಾಲ್ಲೂಕಿಗೇ ಸೇರಿತ್ತು. ಹುಕ್ಕೇರಿ ಕಡೆಯಿಂದ ಬಂದ ಪಿ.ಟಿ. ಮಾಸ್ತರೊಬ್ಬರಿದ್ದರು. ಶಾಲೆಗೆ ಬಯಲಿರಲಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಹಗ್ಗ ಹಿಡಿದು ಅಳೆದು, ಸುಣ್ಣದ ಗೆರೆ ಎಳೆದು, 200 ಮೀಟರಿನ ಸುತ್ತೊಂದನ್ನು ಮಾಡುತ್ತಿದ್ದರು. ಗಾಳಿಗೆ ಸುಣ್ಣ ಹಾರಿದರೆ ಮತ್ತೆ ಎಳೆಯುತ್ತಿದ್ದರು. ಪಂದ್ಯಗಳಿಗೆ ಗೋಕಾಕಕ್ಕೆ ಕರೆದೊಯ್ಯುವಾಗ ಬಾಳೆಹಣ್ಣಿನ ಖರ್ಚು ಅವರ ಕಿಸೆಯದೇ. ವರ್ಷಗಳ ಮೇಲೆ ಶಾಲೆಯ ಸ್ಮರಣ ಸಂಚಿಕೆಯನ್ನು ನಾನು ಸಂಪಾದಿಸಿದೆ. ಜಿಲ್ಲೆಯವರೆಗೆ ಓಡಿ ಗೆದ್ದ ಹುಡುಗರ ಹೆಸರು, ಇಸವಿ, ದೂರ, ಕಾಲ ಎಲ್ಲವನ್ನೂ ಪಟ್ಟಿ ಮಾಡಿ ಮುದ್ರಿಸಿದೆ. ಮಾಸ್ತರ ಹೆಸರು ಎಲ್ಲಿಯೂ ಇರಲಿಲ್ಲ. ಬಿಟ್ಟೆನೆಂಬ ಅರಿವೂ ನನಗಿರಲಿಲ್ಲ. ಬಿಡುಗಡೆಯ ದಿನ ಅವರು ಹಿಂದಿನ ಸಾಲಿನಲ್ಲಿ ಕುಳಿತು ಆ ಪುಟವನ್ನು ಬೆರಳಿಟ್ಟು ಓದಿ, ನನ್ನನ್ನು ಕರೆದು ಹೇಳಿದರು: ‘ಹುಡುಗೋರ ಹೆಸರು ಎಲ್ಲಾ ಬರೋಬ್ಬರಿ ಬಂದಾವ ತಮ್ಮಾ. ಛಲೋ ಆತು.’

ಮೊನ್ನೆ ಹುಕ್ಕೇರಿಗೆ ಹೋಗಿ ಅವರ ಮನೆಯ ಕಟ್ಟೆಯ ಮೇಲೆ ಕುಳಿತೆ. ‘ಸರ್, ಪತ್ರಿಕೆಗೆ ಒಂದು ಲೇಖನ ಬರೀಲಿಕ್ಕೆ ಹತ್ತೇನ್ರೀ. ಇದರಾಗರೆ ನಿಮ್ಮ ಹೆಸರು ಹಾಕತೇನ್ರೀ’ ಎಂದೆ. ಅವರು ನಕ್ಕರು. ‘ನಂದು ಬ್ಯಾಡ. ಆ ರೈಯವರು ಪ್ರಶಸ್ತಿ ಕೈಗೆ ಬರೂದರಾಗ ಹೋದರಲ್ಲ, ಅವರ ಬಗ್ಗೆ ಬರಿ’ ಎಂದರು. ಅವರ ಮಾತಿನಂತೆ ಬರೆದಿದ್ದೇನೆ. ಆದರೆ ಶಾಲೆಯ ಗ್ರಂಥಾಲಯದಲ್ಲಿರುವ ಸ್ಮರಣ ಸಂಚಿಕೆಯ ಪ್ರತಿಯನ್ನು ಕೇಳಿ ಪಡೆದು, ಆ ಪಟ್ಟಿಯ ನೆತ್ತಿಯ ಮೇಲೆ ಶಾಯಿಯಿಂದ ಅವರ ಹೆಸರನ್ನು ಬರೆದಿಟ್ಟು ಬಂದಿದ್ದೇನೆ. ಅವರಿಗೆ ಇದು ತಿಳಿಯದು.