ಒಂದೇ ಒಡಲಲ್ಲಿ ಎರಡು ರೂಪಾಂತರಿ: ಕೊರೊನಾ ಸಹಸೋಂಕು ಮತ್ತು ಮರುಸಂಯೋಜನೆ

ಒಬ್ಬರಿಗೇ ಏಕಕಾಲಕ್ಕೆ ಕೊರೊನಾ ವೈರಸ್‌ನ ಎರಡು ರೂಪಾಂತರಿಗಳು ತಗಲುವುದನ್ನು ಸಹಸೋಂಕು ಎನ್ನುತ್ತಾರೆ. ಅವೆರಡೂ ಒಂದೇ ಜೀವಕೋಶವನ್ನು ಹೊಕ್ಕರೆ ಮರುಸಂಯೋಜನೆಗೆ ದಾರಿಯಾಗುತ್ತದೆ. ಸುಮಾರು 30,000 ಅಕ್ಷರಗಳ ಆರ್‌ಎನ್‌ಎಯನ್ನು ನಕಲು ಮಾಡುವ ಕಿಣ್ವವು ನಡುವೆ ಒಂದು ಮೂಲಪ್ರತಿಯನ್ನು ಬಿಟ್ಟು ಇನ್ನೊಂದಕ್ಕೆ ಹಾರಿ, ಅದೇ ಜಾಗದಿಂದ ನಕಲು ಮುಂದುವರಿಸುತ್ತದೆ. ಹೀಗೆ ಹುಟ್ಟಿದ ವೈರಸ್‌ನಲ್ಲಿ ಒಂದು ಭಾಗ ಒಂದು ತಳಿಯದು, ಉಳಿದದ್ದು ಮತ್ತೊಂದರದು.

ಆರ್‌ಎನ್‌ಎ ವೈರಸ್‌ಗಳ ಇಂಥ ಬೆರಕೆಯ ಸುಳಿವು 1960ರ ದಶಕದಲ್ಲಿ ಪೋಲಿಯೊ ವೈರಸ್‌ನಲ್ಲಿ ಸಿಕ್ಕಿತ್ತು. ಕೊರೊನಾ ಕುಟುಂಬದಲ್ಲಿ ಅದನ್ನು 1985ರಲ್ಲಿ ಮೈಕೇಲ್ ಲಾಯ್ ಅವರ ತಂಡ ಇಲಿಗಳ ವೈರಸ್ ಬಳಸಿ ತೋರಿಸಿತು. ಕೋಳಿಗಳ ಶ್ವಾಸನಾಳದ ಸೋಂಕಿಗೆ ಕಾರಣವಾಗುವ ಕೊರೊನಾದಲ್ಲೂ ಬೆರಕೆ ತಳಿಗಳು ಕಂಡವು. 2016ರಲ್ಲಿ ಪ್ರಕಟವಾದ ಸೌದಿ ಅರೇಬಿಯಾದ ಒಂಟೆಗಳ ಅಧ್ಯಯನವು ಅದೇ ಕುಟುಂಬದ ಮರ್ಸ್ ವೈರಸ್‌ನಲ್ಲೂ ಇಂಥ ಬೆರಕೆಯನ್ನು ಗುರುತಿಸಿತು.

ಕೋವಿಡ್‌ನ ಆರಂಭದಲ್ಲಿ ಇಂಥ ಬೆರಕೆಯನ್ನು ಕಾಣುವುದು ಸುಲಭವಿರಲಿಲ್ಲ. ಆ ರೋಗದಿಂದ ಭಾರತದ ಮೊದಲ ಸಾವು ಕಲಬುರಗಿಯದು. 2020ರ ಮಾರ್ಚ್ 10ರಂದು 76 ವರ್ಷದ ವ್ಯಕ್ತಿ ತೀರಿಕೊಂಡರು. ಸೋಂಕು ದೃಢಪಟ್ಟದ್ದು 12ರಂದು. ಆಗ ಮಾಡುತ್ತಿದ್ದ ಆರ್‌ಟಿ-ಪಿಸಿಆರ್ ಪರೀಕ್ಷೆ ವೈರಸ್ ಇದೆಯೇ ಇಲ್ಲವೇ ಎಂಬುದನ್ನಷ್ಟೇ ಹೇಳುತ್ತಿತ್ತು. ಯಾವ ತಳಿ, ಒಂದೋ ಎರಡೋ ಎಂಬುದು ತಿಳಿಯಲು ವೈರಸ್‌ನ ಆರ್‌ಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದುವ ಜೀನೋಮ್ ಸೀಕ್ವೆನ್ಸಿಂಗ್ ಬೇಕು. ಮುಂಬೈ, ಪುಣೆಗಳಿಗೆ ದುಡಿಯಲು ಹೋದವರು ಮೇ ತಿಂಗಳಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ, ಚಿತ್ತಾಪುರ, ಸೇಡಂ ಸೀಮೆಯ ಊರು, ತಾಂಡಾಗಳಿಗೆ ಮರಳಿದರು. ಬೇರೆ ಬೇರೆ ಊರಿನ ವೈರಸ್ ಒಂದೆಡೆ ಸೇರಲು ಇಂಥ ಓಡಾಟವೇ ಕಾರಣವಾಗುತ್ತದೆ. ಆದರೆ ಆ ವರ್ಷ ಲೋಕದ ತಳಿಗಳ ನಡುವೆ ಇದ್ದದ್ದು ಕೆಲವೇ ಅಕ್ಷರಗಳ ವ್ಯತ್ಯಾಸ. ಒಂದೇ ಬಣ್ಣದ ತುಂಡುಗಳಿಂದ ಹೊಲಿದ ಕೌದಿಯಲ್ಲಿ ಜೋಡಣೆ ಕಣ್ಣಿಗೆ ಬೀಳದ ಹಾಗೆ, ಬೆರಕೆ ನಡೆದರೂ ಗುರುತು ಹಿಡಿಯುವುದು ಕಷ್ಟವಿತ್ತು.

ಆಲ್ಫಾ, ಬೀಟಾ, ಡೆಲ್ಟಾ ರೂಪಾಂತರಿಗಳು ಬಂದ ಮೇಲೆ ಬಣ್ಣಗಳು ಬೇರೆಯಾದವು. 2021ರ ಮಾರ್ಚ್‌ನಲ್ಲಿ ಬೆಲ್ಜಿಯಂನಲ್ಲಿ ತೀರಿಕೊಂಡ 90 ವರ್ಷದ ಮಹಿಳೆಯಲ್ಲಿ ಆಲ್ಫಾ, ಬೀಟಾ ಎರಡೂ ಇದ್ದವು. ಅದೇ ವರ್ಷ ಅಸ್ಸಾಂನ ದಿಬ್ರುಗಢದ ಐಸಿಎಂಆರ್ ಪ್ರಯೋಗಾಲಯ ಒಬ್ಬ ವೈದ್ಯೆಯಲ್ಲಿ ಆಲ್ಫಾ, ಡೆಲ್ಟಾಗಳನ್ನು ಒಟ್ಟಿಗೆ ಪತ್ತೆಹಚ್ಚಿತು. ಲಸಿಕೆ ಪಡೆದಿದ್ದ ಅವರು ಚೇತರಿಸಿಕೊಂಡರು. ಅಮೆರಿಕದಲ್ಲಿ ಡೆಲ್ಟಾ, ಒಮಿಕ್ರಾನ್ ಜೊತೆಯಾಗಿ ಹರಡುತ್ತಿದ್ದಾಗ 29,719 ಮಾದರಿಗಳನ್ನು ಓದಿದ ಅಧ್ಯಯನಕ್ಕೆ ಸಿಕ್ಕ ಸಹಸೋಂಕುಗಳು ಸುಮಾರು 20. ಅವುಗಳಲ್ಲಿ ಒಂದರಲ್ಲಿ ಬೆರಕೆಯ ಕುರುಹಿತ್ತು.

ಎಚ್ಚರಿಕೆಯ ಪಾಠವೂ ಬಂತು. 2022ರ ಜನವರಿಯಲ್ಲಿ ಸೈಪ್ರಸ್‌ನಿಂದ ವರದಿಯಾದ ‘ಡೆಲ್ಟಾಕ್ರಾನ್’ ಪ್ರಯೋಗಾಲಯದಲ್ಲಿ ಮಾದರಿಗಳು ಕಲಬೆರಕೆಯಾಗಿ ಕಂಡದ್ದಿರಬೇಕು ಎಂದು ಹಲವು ತಜ್ಞರು ಹೇಳಿದರು. ನಿಜವಾದ ಡೆಲ್ಟಾ-ಒಮಿಕ್ರಾನ್ ಬೆರಕೆ ‘ಎಕ್ಸ್‌ಡಿ’ ಮಾರ್ಚ್‌ನಲ್ಲಿ ಫ್ರಾನ್ಸ್‌ನಲ್ಲಿ ದೃಢಪಟ್ಟಿತು. ಒಂದೇ ಬೆರಕೆ ತಳಿ ಹಲವರಲ್ಲಿ ಮತ್ತೆ ಮತ್ತೆ ಸಿಕ್ಕರೆ ಕಲಬೆರಕೆಯ ಅನುಮಾನ ದೂರವಾಗುತ್ತದೆ.

ಹೆಚ್ಚು ಪರಿಣಾಮ ಬೀರಿದ್ದು 2022ರ ಬೇಸಿಗೆಯ ನಂತರ ಹೊರಬಂದ ‘ಎಕ್ಸ್‌ಬಿಬಿ’. ಒಮಿಕ್ರಾನ್‌ನ ಬಿಜೆ.1 ಮತ್ತು ಬಿಎ.2.75ರ ಕವಲಾದ ಬಿಎಂ.1.1.1 ಬೆರೆತು ಅದು ಹುಟ್ಟಿತು. ಜೋಡಣೆ ಬಿದ್ದದ್ದು ಜೀವಕೋಶಕ್ಕೆ ಅಂಟುವ ಮುಳ್ಳಿನ ಭಾಗದಲ್ಲಿ. ಹಳೆಯ ಪ್ರತಿಕಾಯಗಳನ್ನು ತಪ್ಪಿಸಿಕೊಳ್ಳುವ ಶಕ್ತಿ ಅದಕ್ಕೆ ಬಂತು. ಅದರ ಸಂತತಿ ಎಕ್ಸ್‌ಬಿಬಿ.1.16 2023ರ ಆರಂಭದಲ್ಲಿ ಭಾರತದಲ್ಲಿ ಪ್ರಬಲವಾಗಿ ಹರಡಿತು.

ಇಂಥ ತಳಿಗಳನ್ನು ಸೀಕ್ವೆನ್ಸಿಂಗ್‌ನಿಂದ ಗುರುತಿಸುವ ಪ್ರಯೋಗಾಲಯಗಳ ಭಾರತದ ‘ಇನ್ಸಾಕಾಗ್’ ಜಾಲ 2020ರ ಡಿಸೆಂಬರ್‌ನಲ್ಲಿ ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಅದರ ಭಾಗ. 2022ರಲ್ಲಿ ಬೆಂಗಳೂರಿನ 28 ಶುದ್ಧೀಕರಣ ಘಟಕಗಳ ಕೊಳಚೆ ನೀರನ್ನೂ ಪರೀಕ್ಷಿಸಲಾಯಿತು. ಯಾವ ತಳಿಗಳು ಊರಲ್ಲಿವೆ ಎಂದು ಆ ನೀರು ಹೇಳುತ್ತದೆ. ಆದರೆ ಸಾವಿರಾರು ಜನರ ವೈರಸ್ ಅದರಲ್ಲಿ ಕಲೆಯುವುದರಿಂದ, ಎರಡು ತಳಿ ಒಬ್ಬರೊಳಗೇ ಇದ್ದವೇ ಎಂದು ಹೇಳಲಾರದು. ಅದಕ್ಕೆ ರೋಗಿಯ ಗಂಟಲ ದ್ರವವೇ ಬೇಕು. ಒಳಚರಂಡಿಯಿಲ್ಲದ, ತೆಲಂಗಾಣದ ಗಡಿಗೆ ಅಂಟಿದ ಕಲಬುರಗಿ ಜಿಲ್ಲೆಯ ಕುಂಚಾವರಂನಂಥ ಕಡೆಯಲ್ಲಿ ಆ ಮಾದರಿಯನ್ನು ಕೆಡದಂತೆ ತಂಪಾಗಿಟ್ಟು ಪ್ರಯೋಗಾಲಯಕ್ಕೆ ಮುಟ್ಟಿಸುವುದೇ ಪತ್ತೆಕಾರ್ಯದ ಮೊದಲ ಹೆಜ್ಜೆ.