ಕಿಟಕಿಗೆ ಹೊಡೆದ ತಗಡು ಯಾರ ಕಣ್ಣಿಗೆ?

ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ಹೋದ ವಾರ ನಮ್ಮ ಕಾಲೋನಿಯ ಸಮುದಾಯ ಭವನಕ್ಕೆ ತಗಡು ಹೊಡೆದರು. ಎರಡು ಮಳೆಗಾಲದಿಂದ ಬೀಗ ಬಿದ್ದ ಕಟ್ಟಡ ಅದು. ಛಾವಣಿಯ ಒಂದು ಮೂಲೆ ಕುಸಿದಾಗ ‘ದುರಸ್ತಿ ಆಗೋವರೆಗೆ ತಾತ್ಕಾಲಿಕವಾಗಿ’ ಅಂತ ಮುಚ್ಚಿದರು. ಅದಕ್ಕೆ ಮುಂಚೆ ನಮ್ಮ ಮಕ್ಕಳು ಸಂಜೆ ಅಲ್ಲಿ ಕೂತು ಓದ್ತಿದ್ರು. ಮದುವೆ, ನಾಮಕರಣ, ಏಪ್ರಿಲ್ 14ರ ಕಾರ್ಯಕ್ರಮ ಎಲ್ಲ ಅಲ್ಲೇ. ಕಿಟಕಿ ಗಾಜು ಒಡೆದು, ಬಾಗಿಲು ಮುರಿದು, ಈಗ ಅದು ರಾತ್ರಿ ಕುಡುಕರ ಅಡ್ಡೆ.

ಭವನಕ್ಕೆ ಎಂಟು ಕಿಟಕಿ. ನಾಲ್ಕು ಮುಖ್ಯ ರಸ್ತೆ ಕಡೆ, ನಾಲ್ಕು ಕೇರಿ ಕಡೆ. ರಸ್ತೆ ಕಡೆಯ ನಾಲ್ಕಕ್ಕೆ ಹೊಸ ತಗಡು ಬಂತು, ಅದರ ಮೇಲೆ ಹಳದಿ ಬಣ್ಣ. ಕೇರಿ ಕಡೆಯವು ಹಾಗೇ ಬಾಯಿ ಬಿಟ್ಕೊಂಡಿವೆ. ಯಾಕಪ್ಪಾ ಅಂತ ಕೇಳಿದ್ರೆ ಕೆಲಸಕ್ಕೆ ಬಂದ ಹುಡುಗ, ‘ರಸ್ತೆ ಕಡೆದಷ್ಟೇ ಹೇಳಿದ್ದಾರೆ ಸಾರ್, ಯಾರೋ ದೊಡ್ಡವರು ಈ ದಾರೀಲಿ ಬರ್ತಾರಂತೆ’ ಅಂದ. ಅವನದೇನೂ ತಪ್ಪಿಲ್ಲ, ದಿನಗೂಲಿಯವನು.

ನಮ್ಮವರೇ ಒಬ್ಬರು, ‘ಅಷ್ಟಾದ್ರೂ ಆಯ್ತಲ್ಲ ಬಿಡಣ್ಣ’ ಅಂದ್ರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಿಂದೊಮ್ಮೆ ಓದಿದ್ದ ನ್ಯೂಯಾರ್ಕಿನ ಬ್ರಾಂಕ್ಸ್ ನೆನಪಾಯ್ತು. ಆ ಕಥೆ ನಿಮಗೂ ಹೇಳಬೇಕು ಅನ್ನಿಸ್ತು.

ಬಾಬಾಸಾಹೇಬರು 1913ರಲ್ಲಿ ಓದೋಕೆ ಹೋದ ಕೊಲಂಬಿಯಾ ವಿಶ್ವವಿದ್ಯಾಲಯ ಇರೋದು ಅದೇ ನ್ಯೂಯಾರ್ಕಿನಲ್ಲಿ. ಅದರ ಪಕ್ಕದಲ್ಲೇ ಕರಿಯರ ಹಾರ್ಲೆಮ್. ಹಾರ್ಲೆಮ್ ನದಿ ದಾಟಿದರೆ ಬ್ರಾಂಕ್ಸ್. 1970ರ ದಶಕದಲ್ಲಿ ಅದರ ದಕ್ಷಿಣ ಭಾಗ, ಅಂದ್ರೆ ಸೌತ್ ಬ್ರಾಂಕ್ಸ್, ಯುದ್ಧ ನಡೆದ ಊರಿನ ಹಾಗೆ ಕಾಣ್ತಿತ್ತು. ಬೀದಿಗಟ್ಟಲೆ ಸುಟ್ಟ ಐದಾರು ಅಂತಸ್ತಿನ ಮನೆಗಳು. ಕಿಟಕಿಗಳಿಗೆ ತಗಡು, ಬಾಗಿಲುಗಳಿಗೆ ಸಿಮೆಂಟ್ ಇಟ್ಟಿಗೆ.

ಇದು ತಾನಾಗೇ ಆದದ್ದಲ್ಲ. 1930ರ ದಶಕದಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆಯೊಂದು ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿತು. ಹಸಿರು, ನೀಲಿ, ಹಳದಿ, ಕೆಂಪು ಅಂತ ನಾಲ್ಕು ಬಣ್ಣ. ಹಸಿರು ಅಂದ್ರೆ ಸಾಲ ಕೊಡೋಕೆ ಒಳ್ಳೆ ಜಾಗ. ಕೆಂಪು ಅಂದ್ರೆ ಅಪಾಯದ ಜಾಗ. ಕರಿಯರು ಇರೋ ಬೀದಿಗಳಿಗೆ ಬಹುತೇಕ ಕೆಂಪೇ ಗತಿ. ಗೋಡೆ ಎಷ್ಟು ಗಟ್ಟಿ ಅನ್ನೋದರ ಜೊತೆ ಒಳಗೆ ಯಾರಿದ್ದಾರೆ ಅಂತಲೂ ನೋಡಿ ಬಣ್ಣ ಹಚ್ಚಿದರು. ಊರು ಎಲ್ಲಿ ಮುಗಿಯುತ್ತೆ, ಕೇರಿ ಎಲ್ಲಿ ಶುರುವಾಗುತ್ತೆ ಅಂತ ನಮಗೆ ನಕ್ಷೆ ಬೇಕಾಗಿಲ್ಲ. ಅವರಿಗೆ ನಕ್ಷೆ ಬೇಕಾಯ್ತು, ಅಷ್ಟೇ ವ್ಯತ್ಯಾಸ.

ಸಾಲ ನಿಂತರೆ ದುರಸ್ತಿ ನಿಲ್ಲುತ್ತೆ. ದುರಸ್ತಿ ನಿಂತರೆ ಅನುಕೂಲ ಇದ್ದವರು ಹೊರಡ್ತಾರೆ. 1948ರಿಂದ ಬ್ರಾಂಕ್ಸ್ ಮಧ್ಯೆ ಸೀಳಿಕೊಂಡು ಒಂದು ಹೆದ್ದಾರಿ ಕಟ್ಟಿದರು, ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇ. ಅದರ ಹೊಡೆತಕ್ಕೆ ಸಾವಿರಾರು ಕುಟುಂಬಗಳು ಎದ್ದು ಹೋದವು. ಅದರಲ್ಲಿ ದುಡಿಯುವ ಯಹೂದಿಗಳ ಮನೆಗಳೂ ಬಹಳ ಇದ್ದವು, ಅದನ್ನೂ ಹೇಳಬೇಕು. ನಿಧಾನಕ್ಕೆ ಬಿಳಿಯರು ಹೊರವಲಯಕ್ಕೆ ಸರಿದರು, ಕರಿಯರು ಮತ್ತು ಪೋರ್ಟೊರಿಕೊ ಮೂಲದವರು ಉಳಿದರು. ಮಾಲೀಕರಿಗೆ ಬಾಡಿಗೆಗಿಂತ ವಿಮೆ ಹಣವೇ ಲಾಭ ಅನ್ನಿಸ್ತು. ಕೆಲವರು ದುಡ್ಡು ಕೊಟ್ಟು ಬೆಂಕಿ ಹಚ್ಚಿಸಿದರು. ಅದೇ ವರ್ಷಗಳಲ್ಲಿ ನಗರಪಾಲಿಕೆ ಖರ್ಚು ಉಳಿಸೋಕೆ ಇಂಥ ಬಡಾವಣೆಗಳಲ್ಲೇ ಅಗ್ನಿಶಾಮಕ ಠಾಣೆಗಳನ್ನ ಮುಚ್ಚಿತು. ಬೆಂಕಿ ಜಾಸ್ತಿ ಇರೋ ಕಡೆ ಗಾಡಿ ಕಮ್ಮಿ. 1970ರಿಂದ 80ರ ಒಳಗೆ ಬ್ರಾಂಕ್ಸಿನ 44 ಜನಗಣತಿ ವಲಯಗಳು ತಮ್ಮ ಅರ್ಧಕ್ಕಿಂತ ಹೆಚ್ಚು ಕಟ್ಟಡ ಕಳ್ಕೊಂಡವು. ಏಳು ವಲಯಗಳಲ್ಲಿ ನೂರಕ್ಕೆ ತೊಂಬತ್ತೇಳು ಹೋಯ್ತು.

ತೆರಿಗೆ ಕಟ್ಟದೆ ಮಾಲೀಕರು ಕೈಬಿಟ್ಟ ಮನೆಗಳು ನಗರಪಾಲಿಕೆಗೆ ಬಂದವು. ಪಾಲಿಕೆ ಅವುಗಳ ಕಿಟಕಿ ಬಾಗಿಲು ಮುಚ್ಚಿತು. ಮುಚ್ಚೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಹಾಳುಬಿದ್ದ ಮನೆಯನ್ನ ತೆರೆದು ಬಿಟ್ಟರೆ ಮಳೆ ನೀರು ನುಗ್ಗುತ್ತೆ, ತಂತಿ ಪೈಪು ಕದೀತಾರೆ, ಮಗು ಬಿದ್ದು ಸಾಯುತ್ತೆ. ಸರಿಯಾಗಿ ಮುಚ್ಚೋದಕ್ಕೂ ಒಂದು ಕ್ರಮ ಇದೆ. ಹೊರಗಿಂದ ಸುಮ್ಮನೆ ಮೊಳೆ ಹೊಡೆದರೆ ಒಂದು ಕಬ್ಬಿಣದ ಸಲಾಕೆ ಸಾಕು, ಹಲಗೆ ಎದ್ದು ಬರುತ್ತೆ. ಅದಕ್ಕೇ ಒಳಗಡೆ ಚೌಕಟ್ಟಿಗೆ ಅಡ್ಡಲಾಗಿ ಮರದ ತೊಲೆ ಇಟ್ಟು, ಹೊರಗಿನ ಪ್ಲೈವುಡ್‌ನಿಂದ ಒಳಗಿನ ತೊಲೆವರೆಗೆ ಉದ್ದ ಬೋಲ್ಟ್ ತೂರಿಸಿ, ಒಳಗಿಂದ ನಟ್ಟು ಬಿಗೀತಾರೆ. ಗಾಳಿ ಆಡೋಕೆ ಸಣ್ಣ ತೂತು ಬಿಡ್ತಾರೆ, ಇಲ್ಲದಿದ್ರೆ ಒಳಗೆ ಬೂಸ್ಟು ಹಿಡಿದು ಮರ ಕೊಳೆಯುತ್ತೆ. ಆಮೇಲೆ ಆಗಾಗ ಬಂದು ನೋಡಬೇಕು. ‘ತಾತ್ಕಾಲಿಕ’ ಅನ್ನೋ ಮಾತಿಗೆ ಅರ್ಥ ಬರೋದು ಆ ಬಂದು ನೋಡೋದರಿಂದ. ಯಾರೂ ಬರದಿದ್ರೆ ಆ ಹಲಗೆ ಮನೆಯ ಸಮಾಧಿ ಕಲ್ಲು.

ಈಗ ನನ್ನ ನಿದ್ದೆ ಕೆಡಿಸಿದ ಭಾಗಕ್ಕೆ ಬರ್ತೀನಿ.

1983ರಲ್ಲಿ ನ್ಯೂಯಾರ್ಕ್ ಪಾಲಿಕೆ ಬ್ರಾಂಕ್ಸಿನ ಖಾಲಿ ಕಟ್ಟಡಗಳಿಗೆ ಸ್ಟಿಕ್ಕರ್ ಅಂಟಿಸಿತು. ತಮಾಷೆ ಅಲ್ಲ. ಮುಚ್ಚಿದ ಕಿಟಕಿಗಳ ಮೇಲೆ ವಿನೈಲ್ ಹಾಳೆ. ಅದರ ಮೇಲೆ ಪರದೆಯ ಚಿತ್ರ, ಹೂಕುಂಡದ ಚಿತ್ರ, ಅರ್ಧ ಎಳೆದ ಜಾಲರಿಯ ಚಿತ್ರ. ಒಳಗೆ ಯಾರೋ ಸಂಸಾರ ಮಾಡ್ತಿದ್ದಾರೆ ಅನ್ನೋ ಹಾಗೆ. ಅಂಟಿಸಿದ್ದು ಯಾವ ಕಡೆ ಗೊತ್ತಾ? ಎಕ್ಸ್‌ಪ್ರೆಸ್‌ವೇಗೆ ಮುಖ ಮಾಡಿದ ಕಿಟಕಿಗಳಿಗೆ. ಹೊರವಲಯದಿಂದ ಕಾರಿನಲ್ಲಿ ಹೋಗಿ ಬರುವವರ ಕಣ್ಣಿಗೆ. ಇದಕ್ಕೆ ಕೇಂದ್ರ ಸರ್ಕಾರದಿಂದ ಒಂದು ಲಕ್ಷ ಡಾಲರ್ ಅನುದಾನವೂ ಬಂತು. ಅಷ್ಟು ದುಡ್ಡಿಗೆ ಬ್ರಾಂಕ್ಸ್ ಪೂರ್ತಿ ದುರಸ್ತಿ ಆಗಲ್ಲ, ಇದು ಬರೀ ಬೀದಿಯ ಮರ್ಯಾದೆಗೆ ಅಂತ ಅಧಿಕಾರಿಗಳ ವಾದ. ಪಕ್ಕದ ಕಟ್ಟಡದಲ್ಲಿ ಬಿಸಿನೀರಿಲ್ಲದೆ ಬದುಕ್ತಿದ್ದವರಿಗೆ ಆ ಹೂಕುಂಡ ನೋಡಿ ಏನನ್ನಿಸಿರಬೇಕು, ನೀವೇ ಯೋಚನೆ ಮಾಡಿ.

ಅದಕ್ಕೆ ಮೊದಲು ದೊಡ್ಡವರೆಲ್ಲ ಬಂದು ಹೋಗಿದ್ದರು. 1977ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಕಾರ್ಟರ್ ಅಲ್ಲಿನ ಚಾರ್ಲೆಟ್ ಬೀದಿಯಲ್ಲಿ ಇಟ್ಟಿಗೆ ಚೂರುಗಳ ಮೇಲೆ ನಡೆದರು. 1980ರ ಆಗಸ್ಟ್‌ನಲ್ಲಿ ಚುನಾವಣೆಗೆ ನಿಂತಿದ್ದ ರೇಗನ್ ಅದೇ ಬೀದಿಗೆ ಬಂದರು. ಅವರ ಹಿಂದಿನ ಗೋಡೆ ಮೇಲೆ ಜಾನ್ ಫೆಕ್ನರ್ ಅನ್ನೋ ಕಲಾವಿದ ದೊಡ್ಡ ಅಕ್ಷರದಲ್ಲಿ ‘ಮುರಿದ ಭರವಸೆಗಳು’ ಅಂತ ಬರೆದಿದ್ದರು. ಪಾಲಿಕೆಯ ಸ್ಟಿಕ್ಕರೂ ಗೋಡೆ ಮೇಲೆ, ಫೆಕ್ನರ್ ಅಕ್ಷರವೂ ಗೋಡೆ ಮೇಲೆ. ಒಂದು ಮುಚ್ಚಿತು, ಇನ್ನೊಂದು ತೋರಿಸಿತು.

ಆದರೆ ಬ್ರಾಂಕ್ಸ್ ಅಂದ್ರೆ ಬರೀ ಬೆಂಕಿ, ಸ್ಟಿಕ್ಕರ್ ಅಲ್ಲ. ಅಲ್ಲಿ ಕೆಲ್ಲಿ ಸ್ಟ್ರೀಟ್ ಅಂತ ಒಂದು ಬೀದಿ ಇದೆ. ಬಾಳೆಹಣ್ಣಿನ ಹಾಗೆ ಬಾಗಿರೋದ್ರಿಂದ ಜನ ಅದನ್ನ ಬನಾನಾ ಕೆಲ್ಲಿ ಅಂತಾರೆ. 1977ರಲ್ಲಿ ಅಲ್ಲಿನ ಮೂರು ಖಾಲಿ ಕಟ್ಟಡಗಳನ್ನ ಕೆಡವೋಕೆ ಪಾಲಿಕೆ ಹೊರಟಿತು. ಬೀದಿಯವರು ಅಡ್ಡ ನಿಂತರು. ಕೆಡವಬೇಡಿ, ನಾವೇ ಕಟ್ಟಿಕೊಳ್ತೀವಿ ಅಂದರು. ಕಸ ಹೊತ್ತು ಹಾಕಿದರು, ಗಾರೆ ಮಾಡಿದರು, ದುಡಿಮೆಯನ್ನೇ ಬಂಡವಾಳ ಮಾಡಿಕೊಂಡು ಆ ಮನೆಗಳನ್ನ ಎಬ್ಬಿಸಿದರು. ಜಾಗ ಬಿಡಬೇಡ, ಜಾಗ ಸುಧಾರಿಸು ಅನ್ನೋದು ಅವರ ಘೋಷಣೆಯ ತಾತ್ಪರ್ಯ. ಆ ಸಂಘ ಇವತ್ತಿಗೂ ಇದೆ. ಇಂಥ ಸಂಘಗಳು ವರ್ಷಗಟ್ಟಲೆ ಹೋರಾಡಿದ ಮೇಲೆಯೇ, ಸ್ಟಿಕ್ಕರ್ ಅಂಟಿಸಿದ ಅದೇ ಪಾಲಿಕೆ 80ರ ದಶಕದ ಕೊನೆಗೆ ಹತ್ತು ವರ್ಷದ ವಸತಿ ಯೋಜನೆ ತಂದು ಸಾವಿರಾರು ಖಾಲಿ ಮನೆಗಳನ್ನ ನಿಜವಾಗಿ ದುರಸ್ತಿ ಮಾಡಿತು. ಅಂದ್ರೆ ದುಡ್ಡು ಇರಲಿಲ್ಲ ಅಂತಲ್ಲ, ಮನಸ್ಸಿರಲಿಲ್ಲ.

ಇದೆಲ್ಲ ಹಳೇ ಕಾಲದ್ದು ಅಂದುಕೊಳ್ಳಬೇಡಿ. 2008ರ ಆರ್ಥಿಕ ಕುಸಿತದಲ್ಲಿ ಅಮೆರಿಕದಲ್ಲಿ ಲಕ್ಷಾಂತರ ಮನೆ ಜಪ್ತಿ ಆದವು. ಅದರಲ್ಲಿ ಬಹಳಷ್ಟು ಫ್ಯಾನಿ ಮೇ ಅನ್ನೋ ದೈತ್ಯ ಗೃಹಸಾಲ ಸಂಸ್ಥೆಯ ಕೈಗೆ ಬಂದವು. ರಾಷ್ಟ್ರೀಯ ನ್ಯಾಯಯುತ ವಸತಿ ಒಕ್ಕೂಟ ಮತ್ತು 20 ಸ್ಥಳೀಯ ಸಂಘಟನೆಗಳು ಒಂದು ಸರಳ ಕೆಲಸ ಮಾಡಿದವು. ಬಿಳಿಯರ ಬೀದಿಯಲ್ಲಿರೋ ಜಪ್ತಿ ಮನೆಗೂ, ಕರಿಯರ ಮತ್ತು ಲ್ಯಾಟಿನೋಗಳ ಬೀದಿಯಲ್ಲಿರೋ ಜಪ್ತಿ ಮನೆಗೂ ಹೋದರು. ಎರಡೂ ಕಡೆ ಒಂದೇ ಪಟ್ಟಿ ಹಿಡಿದು ಗುರುತು ಹಾಕಿದರು. ಹುಲ್ಲು ಕತ್ತರಿಸಿದ್ದಾರಾ? ಕಸ ತೆಗೆದಿದ್ದಾರಾ? ಕಿಟಕಿ ಒಡೆದಿದೆಯಾ? ಹಲಗೆ ಹೊಡೆದಿದ್ದಾರಾ? ಬಾಗಿಲು ಭದ್ರ ಇದೆಯಾ? ಹೀಗೆ ಎರಡು ಸಾವಿರಕ್ಕೂ ಹೆಚ್ಚು ಮನೆ ನೋಡಿದರು, ಸಾವಿರಾರು ಫೋಟೊ ತೆಗೆದರು.

ಅವರಿಗೆ ಸಿಕ್ಕಿದ್ದು ಏನು? ಬಿಳಿಯರ ಬೀದಿಯ ಮನೆಗಳಲ್ಲಿ ಹುಲ್ಲು ಕತ್ತರಿಸಿ, ಗಾಜು ಸರಿಮಾಡಿ, ಮಾರಾಟದ ಬೋರ್ಡ್ ಹಾಕಿದ್ದರು. ಕರಿಯರ ಬೀದಿಗಳಲ್ಲಿ ಕಸ, ಒಡೆದ ಕಿಟಕಿ, ಹಲಗೆ ಹೊಡೆದ ಬಾಗಿಲೇ ಹೆಚ್ಚು. ಮಾಲೀಕ ಒಬ್ಬನೇ. ಬೀದಿ ಬೇರೆ, ಹಲಗೆ ಬೇರೆ. 2016ರ ಡಿಸೆಂಬರ್‌ನಲ್ಲಿ ಕೋರ್ಟಿಗೆ ಹೋದರು. 2022ರ ಫೆಬ್ರವರಿಯಲ್ಲಿ 5 ಕೋಟಿ 30 ಲಕ್ಷ ಡಾಲರ್‌ಗೆ ರಾಜಿ ಆಯ್ತು. ಅದರ ದೊಡ್ಡ ಪಾಲು ಆ ಬಡಾವಣೆಗಳಿಗೇ ಹೋಗಬೇಕು ಅಂತ ನಿಗದಿಯಾಯ್ತು. ಅಲ್ಲಿ ಗೆದ್ದದ್ದು ಭಾಷಣ ಅಲ್ಲ, ಫೋಟೊ ಮತ್ತು ಪಟ್ಟಿ.

ಪ್ಲೈವುಡ್ ಮೇಲೂ ತಗಾದೆ ಬಂತು. ಹಲಗೆ ಹೊಡೆದ ಒಂದು ಮನೆ ಇಡೀ ಬೀದಿಗೆ ಇಲ್ಲಿ ಯಾರೂ ದಿಕ್ಕಿಲ್ಲ ಅಂತ ಸಾರುತ್ತೆ, ಅಕ್ಕಪಕ್ಕದ ಮನೆಗಳ ಬೆಲೆಯೂ ಬೀಳುತ್ತೆ. ಫಿಲಡೆಲ್ಫಿಯಾದಲ್ಲಿ 2011ರಿಂದ ಖಾಲಿ ಮನೆಯ ಮಾಲೀಕರು ಹಲಗೆ ಬದಲು ನಿಜವಾದ ಬಾಗಿಲು ಕಿಟಕಿ ಹಾಕಬೇಕು ಅಂತ ನಿಯಮ ಜಾರಿ ಮಾಡಿದರು. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಹಾಗೆ ಹಾಕಿಸಿದ ಮನೆಗಳ ಸುತ್ತ ಬಂದೂಕಿನ ದಾಳಿ ಕಮ್ಮಿಯಾದದ್ದನ್ನ ತೋರಿಸ್ತು. ಓಹಾಯೋ ರಾಜ್ಯ 2017ರಲ್ಲಿ ಜಪ್ತಿಗೆ ಬಂದ ಖಾಲಿ ಮನೆಗಳಿಗೆ ಪ್ಲೈವುಡ್ ಹೊಡೆಯೋದನ್ನೇ ನಿಷೇಧಿಸಿತು. ಬದಲಿಗೆ ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆ ಬಂತು. ಸುಲಭಕ್ಕೆ ಒಡೆಯಲ್ಲ, ಒಳಗೆ ಏನಿದೆ ಅಂತ ಕಾಣುತ್ತೆ.

ಮುಚ್ಚಿಡೋದು ನಮ್ಮ ದೇಶಕ್ಕೇನೂ ಹೊಸದಲ್ಲ. 2020ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷರು ಅಹಮದಾಬಾದಿಗೆ ಬರೋ ಮೊದಲು ದಾರಿ ಪಕ್ಕದ ಕೊಳೆಗೇರಿಗೆ ಅಡ್ಡ ಗೋಡೆ ಎದ್ದಿತು. ಒತ್ತುವರಿ ತಡೆಯೋಕೆ ಅಂದರು. 2023ರ ಜಿ20 ಸಭೆಗೆ ದೆಹಲಿಯಲ್ಲಿ ಹಸಿರು ಬಟ್ಟೆ ಬಂತು. ಬ್ರಾಂಕ್ಸಿನ ವಿನೈಲ್, ದೆಹಲಿಯ ಬಟ್ಟೆ, ನಮ್ಮ ಕಾಲೋನಿಯ ಹಳದಿ ತಗಡು, ಮೂರೂ ಒಂದೇ ಜಾತಿ.

ನಾನು ಆಫೀಸಿನ ಗುಮಾಸ್ತ. ‘ತಾತ್ಕಾಲಿಕ’ ಅನ್ನೋ ಪದ ದಿನಕ್ಕೆ ಹತ್ತು ಸಲ ಟೈಪ್ ಮಾಡ್ತೀನಿ. ಹಾಸ್ಟೆಲಿನಲ್ಲಿ ಓದುವಾಗ ನನ್ನ ಕೋಣೆಯ ಒಡೆದ ಕಿಟಕಿಗೆ ತಾತ್ಕಾಲಿಕವಾಗಿ ಅಂತ ಒಂದು ರಟ್ಟು ಕಟ್ಟಿದ್ದರು. ನಾನು ಬಿಎ ಮುಗಿಸಿ ಪೆಟ್ಟಿಗೆ ಹೊತ್ತುಕೊಂಡು ಬಂದಾಗಲೂ ಅದೇ ರಟ್ಟು. ಮೂರು ವರ್ಷ ಮಳೆಗಾಲದಲ್ಲಿ ಹಾಸಿಗೆ ಮಡಚಿಟ್ಟು ಮೂಲೆಯಲ್ಲಿ ಕೂತು ಓದಿದ್ದೀನಿ. ಆಗ ನಾನೂ ‘ಅಷ್ಟಾದ್ರೂ ಆಯ್ತಲ್ಲ’ ಅಂದುಕೊಂಡವನೇ. ಅದಕ್ಕೇ ಆ ಮಾತು ಕೇಳಿದ್ರೆ ಸಂಕಟ ಆಗುತ್ತೆ.

ಯಾರಾದ್ರೂ ಹಲಗೆಯೋ ತಗಡೋ ಹೊಡೆಯೋಕೆ ಬಂದಾಗ ನಾವು ಮೂರು ಪ್ರಶ್ನೆ ಕೇಳಬೇಕು. ಇದು ಯಾವ ಕಡೆಗೆ, ದಾರಿಹೋಕರ ಕಣ್ಣಿಗೋ ನಮ್ಮ ಮಕ್ಕಳ ಕಾಲಿಗೋ? ಇದನ್ನ ತೆಗೆಯೋ ತಾರೀಖು ಯಾವುದು? ಇಂಥದ್ದೇ ಕಟ್ಟಡ ಊರೊಳಗೆ ಕೆಟ್ಟಿದ್ರೆ ಏನು ಮಾಡ್ತಿದ್ರಿ?

ಮೂರನೇ ಪ್ರಶ್ನೆಗೆ ಉತ್ತರ ನಾವೇ ಹುಡುಕೋಣ ಅಂತಿದ್ದೀವಿ. ಬರೋ ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾಲ್ಕೈದು ಜನ ಹೊರಡ್ತೀವಿ. ತಾಲ್ಲೂಕಿನಲ್ಲಿ ಊರೊಳಗಿನ ಭವನಗಳು, ನಮ್ಮ ಕೇರಿಗಳ ಭವನಗಳು, ಎರಡನ್ನೂ ನೋಡ್ತೀವಿ. ಛಾವಣಿ, ಬಾಗಿಲು, ಕಿಟಕಿ, ಶೌಚಾಲಯ, ಕರೆಂಟು, ಬೀಗ ಬಿದ್ದು ಎಷ್ಟು ದಿನ ಆಯ್ತು. ಎರಡೂ ಕಡೆ ಒಂದೇ ಪಟ್ಟಿ. ಪ್ರತಿ ಫೋಟೊಗೂ ತಾರೀಖು. ಜೊತೆಗೆ ದುರಸ್ತಿ ಅನುದಾನಕ್ಕೆ ಮಾಹಿತಿ ಹಕ್ಕಿನ ಅರ್ಜಿ, ಅದನ್ನ ನಾನು ಬರೀತೀನಿ. ಗುಮಾಸ್ತನಾಗಿ ಇಷ್ಟು ವರ್ಷ ಕಲಿತದ್ದು ಅದಕ್ಕಾದ್ರೂ ಉಪಯೋಗ ಆಗಲಿ.

1946ರಲ್ಲಿ ಬಾಬಾಸಾಹೇಬರು ಕರಿಯರ ಚಿಂತಕ ಡು ಬೋಯಿಸ್ ಅವರಿಗೆ ಪತ್ರ ಬರೆದು, ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದ್ದರು. ಅವರ ಹೋರಾಟದ ಕಾಗದ ನಮಗೂ ಬೇಕು ಅಂತ ಅವರಿಗೆ ಆಗಲೇ ಗೊತ್ತಿತ್ತು. ನಾವು ಈಗ ಕೇಳ್ತಿರೋದೂ ಅಂಥದ್ದೇ ಒಂದು ಕಾಗದ, ಒಂದು ಪಟ್ಟಿ.

ನಿಮ್ಮ ಕೇರಿಯಲ್ಲೂ ಹೀಗೆ ಮುಚ್ಚಿದ ಭವನ, ಹಾಸ್ಟೆಲ್, ಅಂಗನವಾಡಿ ಇದ್ರೆ ಫೋಟೊ ತೆಗೆದು ತಾರೀಖು ಹಾಕಿ ಇಟ್ಕೊಳ್ಳಿ. ಮುಂದಿನ ಕಡೆಯದಷ್ಟೇ ಅಲ್ಲ, ಹಿಂದಿನ ಕಡೆಯದನ್ನೂ ತೆಗೀರಿ.

ಜೈಭೀಮ್.